ಫೆಂಟರ್ಮಿನ್

ಫೆಂಟರ್ಮಿನ್ ಎಂಬುದು ಹಸಿವನ್ನು ತಗ್ಗಿಸಿ ದೇಹತೂಕವನ್ನು ಇಳಿಸುವ ಸಲುವಾಗಿ ವೈದ್ಯರ ಚೀಟಿಯ ಮೇರೆಗೆ ಮಾತ್ರ ನೀಡಲಾಗುವ ಒಂದು ಔಷಧ. ಬೊಜ್ಜಿನ ಸಮಸ್ಯೆಯುಳ್ಳವರಿಗೆ ಆಹಾರ ನಿಯಂತ್ರಣ ಹಾಗೂ ವ್ಯಾಯಾಮದ ಜೊತೆಯಲ್ಲಿ, ಕೆಲವು ವಾರಗಳ ಅವಧಿಗೆ ಇದನ್ನು ಬಳಸಲಾಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು (ಎಫ್‌ಡಿಎ) 1959ರಲ್ಲಿ ಇದಕ್ಕೆ ಅನುಮತಿ ನೀಡಿತು. ಅನಂತರ ಬಂದ ತೂಕ ಇಳಿಕೆಯ ಹಲವು ಔಷಧಗಳು ಮಾರುಕಟ್ಟೆಯಿಂದ ಮರೆಯಾದರೂ ಫೆಂಟರ್ಮಿನ್ ಇಂದಿಗೂ ಆ ದೇಶದಲ್ಲಿ ಬಳಕೆಯಲ್ಲಿದೆ. ಅಡಿಪೆಕ್ಸ್-ಪಿ ಮತ್ತು ಲೊಮೈರಾ ಇದರ ಪರಿಚಿತ ವ್ಯಾಪಾರನಾಮಗಳು.

ರಾಸಾಯನಿಕ ಸ್ವರೂಪ

ಫೆಂಟರ್ಮಿನ್ ಆಂಫೆಟಮಿನ್ ಕುಟುಂಬಕ್ಕೆ ಸೇರಿದ ಸಂಯುಕ್ತ. ಇದರ ಒಂದು ಅಣುವಿನಲ್ಲಿ 10 ಇಂಗಾಲ, 15 ಜಲಜನಕ ಮತ್ತು 1 ಸಾರಜನಕದ ಪರಮಾಣುಗಳಿವೆ. ಕುಖ್ಯಾತ ಮಾದಕವಸ್ತುವಾದ ಮೆಥಾಂಫೆಟಮಿನ್‌ನ ಅಣುಸೂತ್ರವೂ ಇದೇ ಆಗಿದೆ; ಒಂದು ಮೀಥೈಲ್ ಗುಂಪು ಯಾವ ಪರಮಾಣುವಿಗೆ ಅಂಟಿಕೊಂಡಿದೆ ಎಂಬುದಷ್ಟೇ ವ್ಯತ್ಯಾಸ. ಆ ಒಂದು ಸ್ಥಾನಭೇದದಿಂದಾಗಿ ಫೆಂಟರ್ಮಿನ್‌ನ ಉತ್ತೇಜಕ ಗುಣವೂ ಚಟ ಹಿಡಿಸುವ ಗುಣವೂ ಬಹಳ ಮಟ್ಟಿಗೆ ಕಡಿಮೆಯಾಗಿವೆ. ಆದರೂ ಬಂಧುತ್ವದ ಕುರುಹು ಪೂರ್ತಿಯಾಗಿ ಅಳಿದಿಲ್ಲ. ಈ ಔಷಧ ಸೇವಿಸಿದವರ ಮೂತ್ರದ ಪ್ರಾಥಮಿಕ ತಪಾಸಣೆಯಲ್ಲಿ ಆಂಫೆಟಮಿನ್ ಇದೆಯೆಂಬ ತಪ್ಪು ಫಲಿತಾಂಶ ಬರುವುದುಂಟು. ಕ್ರೀಡಾಸ್ಪರ್ಧೆಗಳ ಸಂದರ್ಭದಲ್ಲಿ ನಿಷಿದ್ಧವಾದ ಉತ್ತೇಜಕಗಳ ಪಟ್ಟಿಯಲ್ಲಿಯೂ ಫೆಂಟರ್ಮಿನ್ ಹೆಸರಿದೆ.

ಕಾರ್ಯವಿಧಾನ

ಹಸಿವು ಹೊಟ್ಟೆಯ ಸಂಗತಿಯೆಂದು ತೋರಿದರೂ ಅದರ ನಿಯಂತ್ರಣವಿರುವುದು ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿ. ಫೆಂಟರ್ಮಿನ್ ಅಲ್ಲಿನ ನರಕೋಶಗಳಿಂದ ನಾರ್‌ಎಪಿನೆಫ್ರಿನ್ ಎಂಬ ನರವಾಹಕ ಹೆಚ್ಚಾಗಿ ಬಿಡುಗಡೆಯಾಗುವಂತೆ ಮಾಡುತ್ತದೆ. ಡೋಪಮಿನ್‌ನ ಮೇಲೂ ಅಲ್ಪ ಪ್ರಭಾವವಿದೆ. ಅಪಾಯ ಎದುರಾದಾಗ ದೇಹವು ಹೋರಾಟಕ್ಕೋ ಪಲಾಯನಕ್ಕೋ ಸಿದ್ಧವಾಗುವ ಸ್ಥಿತಿಯಲ್ಲಿ ಊಟದ ನೆನಪಾಗುವುದಿಲ್ಲ. ಔಷಧವು ಉಂಟುಮಾಡುವುದು ಅಂತಹುದೇ ಸ್ಥಿತಿಯ ಸೌಮ್ಯ ರೂಪವನ್ನು. ಎದೆಬಡಿತ ಏರುವುದು, ಬಾಯಿ ಒಣಗುವುದು, ನಿದ್ರೆ ದೂರವಾಗುವುದು ಮುಂತಾದ ಅಡ್ಡಪರಿಣಾಮಗಳೂ ಇದೇ ಮೂಲದಿಂದ ಹುಟ್ಟುವಂಥವು. ಹೀಗಾಗಿ ಬೇಕಾದ ಪರಿಣಾಮವನ್ನು ಮಾತ್ರ ಉಳಿಸಿಕೊಂಡು ಬೇಡವಾದುದನ್ನು ಪೂರ್ತಿ ಬಿಡಿಸಲು ಸಾಧ್ಯವಾಗಿಲ್ಲ.

ಸೇವಿಸಿದ ಔಷಧದ ಬಹುಪಾಲು ಯಾವ ಬದಲಾವಣೆಯನ್ನೂ ಹೊಂದದೆ ಮೂತ್ರದ ಮೂಲಕ ಹೊರಹೋಗುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 20 ಗಂಟೆಗಳು ಬೇಕು. ಬೆಳಿಗ್ಗೆ ತೆಗೆದುಕೊಂಡ ಗುಳಿಗೆ ರಾತ್ರಿಯ ನಿದ್ರೆಯನ್ನೂ ಕೆಡಿಸಬಲ್ಲದೆಂಬುದಕ್ಕೆ ಕಾರಣ ಇದೇ.

ಯಾರಿಗೆ, ಎಷ್ಟು, ಎಷ್ಟು ಕಾಲ

ಅಮೆರಿಕದ ನಿಯಮದಂತೆ ದೇಹತೂಕ ಸೂಚ್ಯಂಕ (ಬಿಎಂಐ) 30 ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ ಫೆಂಟರ್ಮಿನ್ ನೀಡಬಹುದು. ಅಧಿಕ ರಕ್ತದೊತ್ತಡ, ಮಧುಮೇಹ ಅಥವಾ ಅಧಿಕ ಕೊಲೆಸ್ಟರಾಲ್ ಇರುವವರಾದರೆ ಸೂಚ್ಯಂಕ 27 ಇದ್ದರೂ ಸಾಕು. ಮದುವೆಗೆ ಮುನ್ನ ನಾಲ್ಕು ಕಿಲೋ ಇಳಿಸಿಕೊಳ್ಳಬೇಕೆನ್ನುವವರು ಈ ವ್ಯಾಪ್ತಿಗೆ ಬರುವುದಿಲ್ಲ.

ವಾಡಿಕೆಯ ಪ್ರಮಾಣ ದಿನಕ್ಕೆ 15ರಿಂದ 37.5 ಮಿಲಿಗ್ರಾಂ, ಇದನ್ನು ಬೆಳಗಿನ ಉಪಾಹಾರದ ಮೊದಲು ಅಥವಾ ಅದಾದ ಒಂದೆರಡು ಗಂಟೆಗಳೊಳಗೆ ಸೇವಿಸಬೇಕು. 2016ರಲ್ಲಿ ಅನುಮತಿ ಪಡೆದ 8 ಮಿಲಿಗ್ರಾಂ ಗುಳಿಗೆಯನ್ನು ದಿನಕ್ಕೆ ಮೂರು ಬಾರಿ, ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಲಾಗುತ್ತದೆ. ಸಂಜೆಯ ನಂತರ ಸೇವಿಸುವುದು ಸಲ್ಲದು.

ಅವಧಿಯ ಪ್ರಶ್ನೆ ಹೆಚ್ಚು ಜಟಿಲವಾದುದು. ಔಷಧದ ವಿವರಣಾ ಪತ್ರದಲ್ಲಿ "ಕೆಲವು ವಾರಗಳು" ಎಂದಷ್ಟೇ ಇದ್ದು, ವೈದ್ಯರು ಇದನ್ನು ಸಾಮಾನ್ಯವಾಗಿ 12 ವಾರಗಳ ಮಿತಿಯೆಂದು ಅರ್ಥೈಸುತ್ತಾರೆ. ಕೆಲವು ವಾರಗಳಲ್ಲಿ ದೇಹ ಔಷಧಕ್ಕೆ ಒಗ್ಗಿಕೊಂಡು ಹಸಿವು ಮರಳುವುದುಂಟು. ಆಗ ಪ್ರಮಾಣವನ್ನು ಏರಿಸದೆ ಔಷಧವನ್ನೇ ನಿಲ್ಲಿಸಬೇಕೆಂಬುದು ನಿಯಮ. ಆದರೆ ಬೊಜ್ಜು 12 ವಾರಗಳಲ್ಲಿ ಮುಗಿಯುವ ಕಾಯಿಲೆಯಲ್ಲ. ಔಷಧ ನಿಲ್ಲಿಸಿದ ಮೇಲೆ ಕಳೆದುಕೊಂಡ ತೂಕ ಬಹಳಷ್ಟು ಮಂದಿಯಲ್ಲಿ ಹಿಂತಿರುಗುತ್ತದೆ. 1959ರಲ್ಲಿ ಬೊಜ್ಜನ್ನು ಸಂಕಲ್ಪಬಲದ ಕೊರತೆಯೆಂದೇ ಕಾಣಲಾಗುತ್ತಿತ್ತು. ಒಮ್ಮೆ ನೂಕಿದರೆ ಮುಂದಿನ ದಾರಿಯನ್ನು ರೋಗಿಯೇ ನಡೆಯುತ್ತಾನೆಂಬ ಅಂದಿನ ಎಣಿಕೆ ಈ ಅಲ್ಪಾವಧಿಯ ನಿಯಮದಲ್ಲಿ ಉಳಿದುಬಂದಿದೆ. ಹೃದ್ರೋಗ, ಮಾನಸಿಕ ಕಾಯಿಲೆ ಮತ್ತು ಮಾದಕವಸ್ತುಗಳ ಚಟದ ಹಿನ್ನೆಲೆಯಿಲ್ಲದವರಿಗೆ, ನಿಯಮಿತ ತಪಾಸಣೆಯೊಂದಿಗೆ ಹೆಚ್ಚು ಕಾಲ ನೀಡುವುದನ್ನು ಪರಿಗಣಿಸಬಹುದೆಂದು ಅಮೆರಿಕದ ಎಂಡೋಕ್ರೈನ್ ಸೊಸೈಟಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಧಿಕೃತ ಅನುಮತಿಯ ಅವಧಿ ಮಾತ್ರ ಬದಲಾಗಿಲ್ಲ.

ಫಲಿತಾಂಶ

1968ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 108 ಮಹಿಳೆಯರನ್ನು ಮೂರು ಗುಂಪುಗಳಾಗಿ ಮಾಡಿ 36 ವಾರಗಳ ಕಾಲ ಗಮನಿಸಲಾಯಿತು. ಎಡೆಬಿಡದೆ ಫೆಂಟರ್ಮಿನ್ ಪಡೆದವರು ಸರಾಸರಿ 12.2 ಕೆ.ಜಿ., ನಾಲ್ಕು ವಾರ ಬಿಟ್ಟು ನಾಲ್ಕು ವಾರ ಪಡೆದವರು 13 ಕೆ.ಜಿ., ಹುಸಿಗುಳಿಗೆ ಪಡೆದವರು 4.8 ಕೆ.ಜಿ. ತೂಕ ಕಳೆದುಕೊಂಡರು. ನಡುನಡುವೆ ನಿಲ್ಲಿಸಿದರೂ ಪರಿಣಾಮ ಕುಗ್ಗಲಿಲ್ಲವೆಂಬುದು ಇಲ್ಲಿನ ಕುತೂಹಲಕರ ಅಂಶ. ಆದರೆ ಬಹಳಷ್ಟು ಮಹಿಳೆಯರು ಅಧ್ಯಯನವನ್ನು ಅರ್ಧಕ್ಕೇ ಬಿಟ್ಟುಹೋಗಿದ್ದರು. ಈ ಅಂಕಿಗಳು ಕೊನೆಯವರೆಗೆ ಉಳಿದ 64 ಮಂದಿಯವು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ ಫೆಂಟರ್ಮಿನ್‌ನಿಂದಾದ ಹೆಚ್ಚುವರಿ ಇಳಿಕೆ ಸರಾಸರಿ 3.6 ಕೆ.ಜಿ. ಮಾತ್ರ. ಜಾಹೀರಾತುಗಳು ಹುಟ್ಟಿಸುವ ನಿರೀಕ್ಷೆಯನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು.

ಫೆನ್-ಫೆನ್ ಪ್ರಕರಣ

ಫೆಂಟರ್ಮಿನ್ ಹೆಸರು ಜನಸಾಮಾನ್ಯರಿಗೆ ತಲುಪಿದ್ದು 1990ರ ದಶಕದಲ್ಲಿ. ರಾಚೆಸ್ಟರ್ ವಿಶ್ವವಿದ್ಯಾಲಯದ ಮೈಕೆಲ್ ವೈನ್‌ಟ್ರಾಬ್ ಅವರು ಫೆಂಟರ್ಮಿನ್ ಜೊತೆಗೆ ಫೆನ್‌ಫ್ಲೂರಮಿನ್ ಎಂಬ ಮತ್ತೊಂದು ಔಷಧವನ್ನು ಕೂಡಿಸಿ 121 ಜನರ ಮೇಲೆ ದೀರ್ಘಕಾಲ ನಡೆಸಿದ ಅಧ್ಯಯನವನ್ನು 1992ರಲ್ಲಿ ಪ್ರಕಟಿಸಿದರು. ಮೊದಲನೆಯದು ಎಚ್ಚರವಾಗಿರಿಸುತ್ತದೆ, ಎರಡನೆಯದು ಮಂಪರು ತರುತ್ತದೆ. ಎರಡನ್ನೂ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಒಂದರ ತೊಂದರೆಯನ್ನು ಇನ್ನೊಂದು ಸರಿದೂಗಿಸುತ್ತದೆ ಎಂಬುದು ಅದರ ತರ್ಕ. ಮೊದಲ 34 ವಾರಗಳಲ್ಲಿ ಜೋಡಿ ಔಷಧ ಪಡೆದವರ ತೂಕ ಸರಾಸರಿ 14 ಕೆ.ಜಿ. ಇಳಿದಿತ್ತು, ಹುಸಿಗುಳಿಗೆಯವರದು 5 ಕೆ.ಜಿ.ಗಿಂತ ಕಡಿಮೆ.

ಇದರಿಂದ "ಫೆನ್-ಫೆನ್" ಎಂಬ ಗೀಳು ಹುಟ್ಟಿಕೊಂಡಿತು. ಈ ಜೋಡಿಗೆ ಎಫ್‌ಡಿಎ ಎಂದೂ ಅನುಮತಿ ಕೊಟ್ಟಿರಲಿಲ್ಲ. ಆದರೆ ಎರಡಕ್ಕೂ ಬಿಡಿಬಿಡಿಯಾಗಿ ಅನುಮತಿ ಇದ್ದುದರಿಂದ ವೈದ್ಯರು ಒಟ್ಟಿಗೆ ಬರೆದುಕೊಡಲು ಅಡ್ಡಿಯಿರಲಿಲ್ಲ. 1996ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಇವೆರಡರ 1.8 ಕೋಟಿಗೂ ಹೆಚ್ಚು ಚೀಟಿಗಳು ಬರೆಯಲ್ಪಟ್ಟವು.

1997ರ ಜುಲೈ ತಿಂಗಳಲ್ಲಿ ಮೇಯೋ ಕ್ಲಿನಿಕ್‌ನ ವೈದ್ಯರು, ಈ ಜೋಡಿ ಔಷಧ ಸೇವಿಸಿದ 24 ಮಹಿಳೆಯರಲ್ಲಿ ಹೃದಯದ ಕವಾಟಗಳು ದಪ್ಪಗಾಗಿ ರಕ್ತ ಹಿಂದಕ್ಕೆ ಸೋರುತ್ತಿರುವುದನ್ನು ವರದಿ ಮಾಡಿದರು. ತೊಂದರೆಯ ಯಾವ ಲಕ್ಷಣವೂ ಇಲ್ಲದ ರೋಗಿಗಳನ್ನು ಪರೀಕ್ಷಿಸಿದಾಗಲೂ ಸುಮಾರು ಶೇಕಡ 30ರಷ್ಟು ಮಂದಿಯ ಹೃದಯದ ಪ್ರತಿಧ್ವನಿ ಚಿತ್ರಣದಲ್ಲಿ ದೋಷ ಕಂಡುಬಂತು. ಅದೇ ವರ್ಷ ಸೆಪ್ಟೆಂಬರ್ 15ರಂದು ಫೆನ್‌ಫ್ಲೂರಮಿನ್ ಮತ್ತು ಅದರ ಸೋದರ ಔಷಧ ಡೆಕ್ಸ್‌ಫೆನ್‌ಫ್ಲೂರಮಿನ್ ಮಾರುಕಟ್ಟೆಯಿಂದ ಹಿಂತೆಗೆಯಲ್ಪಟ್ಟವು. ಫೆನ್‌ಫ್ಲೂರಮಿನ್ ದೇಹದೊಳಗೆ ಮಾರ್ಪಟ್ಟು ಉಂಟಾಗುವ ವಸ್ತುವು ಕವಾಟಗಳಲ್ಲಿರುವ ಒಂದು ಬಗೆಯ ಸೆರೊಟೋನಿನ್ ಗ್ರಾಹಕವನ್ನು ಕೆರಳಿಸಿ ಅಲ್ಲಿನ ಕೋಶಗಳು ಅತಿಯಾಗಿ ಬೆಳೆಯುವಂತೆ ಮಾಡುತ್ತದೆಂದು ಅನಂತರ ತಿಳಿದುಬಂತು. ಫೆಂಟರ್ಮಿನ್‌ಗೆ ಈ ಗುಣ ಇಲ್ಲವಾದ್ದರಿಂದ ಅದು ಉಳಿದುಕೊಂಡಿತು. ಫೆನ್‌ಫ್ಲೂರಮಿನ್ ಸಹ 2020ರಲ್ಲಿ ಡ್ರಾವೆಟ್ ಸಿಂಡ್ರೋಮ್ ಎಂಬ ಮಕ್ಕಳ ವಿರಳ ಅಪಸ್ಮಾರಕ್ಕೆ ಔಷಧವಾಗಿ, ಕಟ್ಟುನಿಟ್ಟಾದ ಹೃದಯ ತಪಾಸಣೆಯ ಷರತ್ತಿನೊಂದಿಗೆ ಮರಳಿ ಬಂದಿದೆ.

ಅಡ್ಡಪರಿಣಾಮಗಳು ಮತ್ತು ನಿಷೇಧಗಳು

ಬಾಯಿ ಒಣಗುವಿಕೆ, ನಿದ್ರಾಹೀನತೆ, ಚಡಪಡಿಕೆ, ಮಲಬದ್ಧತೆ, ತೀವ್ರ ಎದೆಬಡಿತ ಮತ್ತು ರಕ್ತದೊತ್ತಡದ ಏರಿಕೆ ಸಾಮಾನ್ಯವಾಗಿ ಕಾಣುವಂಥವು. ಶ್ವಾಸಕೋಶದ ಅಪಧಮನಿಗಳಲ್ಲಿ ಒತ್ತಡ ಏರುವ ಮಾರಕ ಕಾಯಿಲೆ ಬಹಳ ಅಪರೂಪವಾಗಿ ವರದಿಯಾಗಿದೆ. ಔಷಧ ಸೇವಿಸುತ್ತಿರುವವರಿಗೆ ಮೊದಲು ಮಾಡುತ್ತಿದ್ದ ಕೆಲಸದಲ್ಲೇ ಏದುಸಿರು ಬಂದರೆ, ಎದೆನೋವು, ಮೂರ್ಛೆ ಅಥವಾ ಕಾಲುಗಳಲ್ಲಿ ಊತ ಕಾಣಿಸಿದರೆ ಔಷಧವನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು.

ಹೃದ್ರೋಗ, ಪಾರ್ಶ್ವವಾಯು ಅಥವಾ ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರು, ಥೈರಾಯ್ಡ್ ಗ್ರಂಥಿಯ ಅತಿಸ್ರಾವವುಳ್ಳವರು, ಗ್ಲಾಕೋಮಾ ರೋಗಿಗಳು, ಮಾದಕವಸ್ತುಗಳ ಚಟದ ಹಿನ್ನೆಲೆಯವರು, ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಇದನ್ನು ಸೇವಿಸುವಂತಿಲ್ಲ. ಖಿನ್ನತೆಗೆ ನೀಡುವ ಎಂಎಒ ಪ್ರತಿರೋಧಕಗಳನ್ನು ಬಳಸುತ್ತಿರುವವರು, ಅಥವಾ ಅವುಗಳನ್ನು ನಿಲ್ಲಿಸಿ 14 ದಿನ ಕಳೆಯದವರು ಫೆಂಟರ್ಮಿನ್ ಸೇವಿಸಿದರೆ ರಕ್ತದೊತ್ತಡ ಪ್ರಾಣಾಂತಿಕ ಮಟ್ಟಕ್ಕೆ ಏರಬಹುದು. ಮಧುಮೇಹಿಗಳು ತೂಕ ಇಳಿದಂತೆ ಇನ್ಸುಲಿನ್ ಪ್ರಮಾಣವನ್ನು ತಗ್ಗಿಸಬೇಕಾಗಿ ಬರಬಹುದು.

ಕಾನೂನಿನ ಸ್ಥಿತಿ

1971ರ ಮನೋಪರಿಣಾಮಕ ವಸ್ತುಗಳ ಕುರಿತ ಅಂತರರಾಷ್ಟ್ರೀಯ ಒಡಂಬಡಿಕೆಯ ನಾಲ್ಕನೆಯ ಅನುಸೂಚಿಯಲ್ಲಿ ಫೆಂಟರ್ಮಿನ್ ಸೇರಿದೆ. ಅಮೆರಿಕದಲ್ಲಿಯೂ ಇದು ನಾಲ್ಕನೆಯ ಅನುಸೂಚಿಯ ನಿಯಂತ್ರಿತ ಔಷಧ. ಯುರೋಪಿನಲ್ಲಿ ಇದರ ಅನುಮತಿಯನ್ನು ಹಿಂತೆಗೆಯುವಂತೆ ಯುರೋಪಿಯನ್ ಆಯೋಗ 2000ದಲ್ಲಿ ಆದೇಶಿಸಿತು. 2002ರಲ್ಲಿ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು.

ಭಾರತದಲ್ಲಿ 1985ರ ಮಾದಕ ಔಷಧಗಳು ಮತ್ತು ಮನೋಪರಿಣಾಮಕ ವಸ್ತುಗಳ ಅಧಿನಿಯಮದ ಪಟ್ಟಿಯಲ್ಲಿ ಫೆಂಟರ್ಮಿನ್ ಇರುವುದರಿಂದ, ವಿದೇಶದಿಂದ ಅಂಚೆಯಲ್ಲಿ ತರಿಸಿಕೊಳ್ಳುವುದು ಅಪರಾಧವಾಗಬಹುದು. ಹಸಿವು ತಗ್ಗಿಸುವ ಮತ್ತೊಂದು ಔಷಧ ಸಿಬುಟ್ರಮಿನ್ ಅನ್ನು ಹೃದಯಾಘಾತದ ಅಪಾಯದ ಕಾರಣ ಭಾರತ ಸರ್ಕಾರ 2011ರಲ್ಲಿ ನಿಷೇಧಿಸಿತು.

ಸಂಯುಕ್ತ ಔಷಧ

ಫೆಂಟರ್ಮಿನ್ ಜೊತೆಗೆ ಅಪಸ್ಮಾರದ ಔಷಧವಾದ ಟೋಪಿರಮೇಟ್ ಅನ್ನು ಕೂಡಿಸಿದ ಕ್ಯೂಸಿಮಿಯಾ ಎಂಬ ಗುಳಿಗೆಗೆ ಎಫ್‌ಡಿಎ 2012ರಲ್ಲಿ ದೀರ್ಘಕಾಲದ ಬಳಕೆಗಾಗಿ ಅನುಮತಿ ಕೊಟ್ಟಿತು. 2022ರಲ್ಲಿ ಈ ಅನುಮತಿಯನ್ನು 12 ವರ್ಷ ಮೀರಿದ ಮಕ್ಕಳಿಗೂ ವಿಸ್ತರಿಸಲಾಯಿತು. ಟೋಪಿರಮೇಟ್‌ನಿಂದ ಹುಟ್ಟುವ ಶಿಶುವಿಗೆ ಸೀಳುತುಟಿ ಉಂಟಾಗುವ ಅಪಾಯವಿರುವುದರಿಂದ, ಗರ್ಭ ಧರಿಸಬಲ್ಲ ಮಹಿಳೆಯರು ಇದನ್ನು ಆರಂಭಿಸುವ ಮೊದಲು ಹಾಗೂ ಆನಂತರ ಪ್ರತಿ ತಿಂಗಳು ಗರ್ಭಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಸೂಚಿಸಲಾಗಿದೆ.