ಕಯಾಕ್‌ಗೆ ತಕ್ಕ ಟ್ರೈಲರ್

ಅಮೆರಿಕದಲ್ಲಿ ಹಲವರು ಮೀನು ಹಿಡಿಯಲು ಬಳಸುವ ಭಾರದ ಕಯಾಕ್ ಎಂಬ ಕಿರುದೋಣಿಯನ್ನು ಒಯ್ಯಲು ಅಂಗಡಿಯ ಟ್ರೈಲರನ್ನು ಹಾಗೇ ಬಳಸದೆ ಮಾರ್ಪಡಿಸಿಕೊಳ್ಳುತ್ತಾರೆ. ಏಕೆ?

ಪೆಡಲ್ ತುಳಿದು ನಡೆಸುವ ದೊಡ್ಡ ಕಯಾಕ್ 50 ಕಿಲೋಗೂ ಹೆಚ್ಚು ತೂಗುತ್ತದೆ. ಒಬ್ಬರೇ ಅದನ್ನು ಕಾರಿನ ಮೇಲೆ ಏರಿಸುವುದು ಕಷ್ಟ. ಆದರೆ ಟ್ರೈಲರಿಗೆ ಅದು ತೀರಾ ಹಗುರ. ನೂರಾರು ಕಿಲೋ ಹೊರಲೆಂದೇ ಮಾಡಿದ ಪಟ್ಟಿ ಸ್ಪ್ರಿಂಗುಗಳು ಇಷ್ಟು ಭಾರಕ್ಕೆ ಬಾಗುವುದಿಲ್ಲ. ಖಾಲಿ ಲಾರಿ ರೋಡ್ ಹಂಪಿನಲ್ಲಿ ಎಗರುವಂತೆ ಟ್ರೈಲರೂ ಎಗರಿ, ಕಯಾಕಿಗೆ ಪೆಟ್ಟು ಬೀಳುತ್ತದೆ. ಅದಕ್ಕೇ ಮೆದು ಸ್ಪ್ರಿಂಗ್ ಹಾಕುತ್ತಾರೆ.

ಕಯಾಕಿನ ತಳ ಪ್ಲಾಸ್ಟಿಕ್. ಕಿರಿದಾದ ಅಡ್ಡಕಂಬಿಗಳ ಮೇಲೆ ಬಿಗಿದರೆ ಬಿಸಿಲಿಗೆ ಮೆತ್ತಗಾಗಿ ತಗ್ಗು ಬೀಳುತ್ತದೆ. ಉದ್ದಕ್ಕೆ ಎರಡು ಹಲಗೆ ಕೂರಿಸಿ ಕಾರ್ಪೆಟ್ ಹೊದಿಸಿದರೆ ಭಾರ ಹಂಚಿಹೋಗುತ್ತದೆ, ಕಯಾಕ್ ನೀರಿಗೆ ಸಲೀಸಾಗಿ ಜಾರುತ್ತದೆ.

ಹಲಗೆಗಳನ್ನು ತಗ್ಗಿನಲ್ಲೇ ಕೂರಿಸಿದರೆ ಚಕ್ರವನ್ನು ಪೂರ್ತಿ ಮುಳುಗಿಸಬೇಕಿಲ್ಲ. ಮುಳುಗಿಸಿದರೆ ತೊಂದರೆ: ಓಡಿ ಬಿಸಿಯಾದ ಚಕ್ರದ ಬೇರಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಗ್ರೀಸ್ ಕೆಟ್ಟು ತುಕ್ಕು ಹಿಡಿಯುತ್ತದೆ. ಕಾರಿಗೆ ಜೋಡಿಸುವ ಮುಂದಿನ ಕಂಬಿಯನ್ನೂ ಉದ್ದ ಮಾಡುತ್ತಾರೆ. ಆಗ ಸುಮಾರು 4 ಮೀಟರ್ ಉದ್ದದ ಕಯಾಕಿನ ಮೂತಿ ತಿರುವಿನಲ್ಲಿ ಕಾರಿಗೆ ತಾಗದು, ಕಾರೂ ನೀರಿಗಿಳಿಯದೆ ದಡದಲ್ಲೇ ಉಳಿಯುತ್ತದೆ.

ಕೊನೆಗೆ ಸಮತೋಲ. ಟ್ರೈಲರ್ ಮತ್ತು ಹೊರೆಯ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳುವಂತೆ ಕಯಾಕನ್ನು ಹಿಂದೆ ಮುಂದೆ ಸರಿಸಬೇಕು. ಹಿಂಭಾರವಾದರೆ ವೇಗದಲ್ಲಿ ಟ್ರೈಲರ್ ಅತ್ತಿತ್ತ ತೊನೆದು ಕಾರನ್ನೂ ಎಳೆದಾಡುತ್ತದೆ.