ಕಮ್ಮರಡಿಯ ಅಂಗಳದಲ್ಲಿ ಡೇರೆ ನೆಡುವ ಕಾಲ

ಕೊಪ್ಪ ತಾಲ್ಲೂಕಿನ ಕಮ್ಮರಡಿಯ ಹೂದೋಟಗಳನ್ನು ನೋಡಬೇಕೆಂದಿದ್ದರೆ ಮೇ ಕೊನೆಯಲ್ಲಿ, ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ ಬನ್ನಿ. ಆಗ ಇಲ್ಲಿ ಹೂವಿಗಿಂತ ಮಣ್ಣೇ ಹೆಚ್ಚು ಕಾಣುತ್ತದೆ. ಮಲೆನಾಡಿನ ಹೂವಿನ ಕತೆಯೆಲ್ಲ ಶುರುವಾಗುವುದು ಆ ಮಣ್ಣಿನಿಂದಲೇ.

ರಸ್ತೆ ಬಿಟ್ಟು ಮನೆಗಳತ್ತ ಇಳಿದರೆ ಕೆಳಗೆ ಅಡಿಕೆ ತೋಟ, ಮೇಲೆ ಕೆಂಪು ಮಣ್ಣಿನ ದರೆ. ಮರದ ಕೊಂಬೆಯಲ್ಲಿ ಸೀತಾಳೆ ದಂಡೆ ಯಾರೂ ನೆಡದೆ, ನೀರೆರೆಯದೆ ಹೂಬಿಟ್ಟಿರುತ್ತದೆ. ಅಂಗಳದಂಚಿನ ಹೂವಿಗೆ ಮಾತ್ರ ಕೈ ಬೇಕು, ಹೊತ್ತು ತಿಳಿದಿರಬೇಕು. ಚಳಿಗಾಲವೆಲ್ಲ ಒಣಮರಳಿನಲ್ಲಿ ಮಲಗಿದ್ದ ಡೇರೆ ಗೆಡ್ಡೆ ಈಗ ಅಟ್ಟದಿಂದ ಇಳಿಯುತ್ತದೆ.

ಡೇರೆ ಮೆಕ್ಸಿಕೋದ ಬೆಟ್ಟಗಳ ಗಿಡ. ಸ್ಪೇನಿಗೆ ಬಂದ ಮೇಲೆ, 1791ರಲ್ಲಿ, ಸಸ್ಯಶಾಸ್ತ್ರಜ್ಞ ಕವನಿಯೆಸ್ ಅದನ್ನು ಸ್ವೀಡನ್ನಿನ ಆಂಡರ್ಸ್ ಡಾಲ್ ಹೆಸರಿನಲ್ಲಿ ಡೇಲಿಯಾ ಎಂದು ಕರೆದರು. ಹಿಮ ಬೀಳುವ ದೇಶಗಳಲ್ಲಿ ಮಣ್ಣು ಹೆಪ್ಪುಗಟ್ಟಿದರೆ ಗೆಡ್ಡೆ ಸಾಯುತ್ತದೆ. ಅದಕ್ಕೇ ಅಲ್ಲಿ ಚಳಿಗೆ ಮುಂಚೆ ಕಿತ್ತಿಟ್ಟು, ವಸಂತದ ಕೊನೆಯ ಹಿಮ ಕರಗಿದ ಮೇಲೆ ನೆಡುತ್ತಾರೆ. ಆಗುಂಬೆಯ ಮಳೆಸೀಮೆಗೆ ಹತ್ತಿರದ ಈ ಊರಲ್ಲಿ ಗೆಡ್ಡೆಯ ಶತ್ರು ಹಿಮವಲ್ಲ, ನಿಂತ ನೀರು. ಕಾರಣ ಬೇರೆಯಾದರೂ ನೆಡುವ ತಿಂಗಳು ಹೆಚ್ಚುಕಡಿಮೆ ಒಂದೇ: ಮೇ.

ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿ. ಕಣ್ಣಿರುವುದು ದಪ್ಪ ಗೆಡ್ಡೆಯ ಮೈಯಲ್ಲಲ್ಲ, ಹಳೆಯ ಕಾಂಡಕ್ಕೆ ಅಂಟಿದ ಕುತ್ತಿಗೆಯಲ್ಲಿ. ಅಲ್ಲಿ ಕೆಂಪಗೆ, ಜೋಳದ ಕಾಳಿನಷ್ಟು ಮೊಳಕೆ ಉಬ್ಬಿರುತ್ತದೆ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪವಿರಲಿ, ಚಿಗುರುವುದಿಲ್ಲ. ಮಣ್ಣನ್ನು ಏರಿ ಮಾಡಿ, ಹಳೆ ಕೊಟ್ಟಿಗೆ ಗೊಬ್ಬರ, ಮರಳು ಬೆರೆಸಿ, ಅಡಿಕೆ ದಬ್ಬೆಯ ಆಸರೆಗೋಲನ್ನು ಮೊದಲು ಊರಬೇಕು. ಆಮೇಲೆ ಊರಿದರೆ ಗೆಡ್ಡೆಗೇ ಚುಚ್ಚುತ್ತದೆ. ನಾಲ್ಕು ಬೆರಳು ಆಳದಲ್ಲಿ, ಕಣ್ಣು ಮೇಲಾಗಿ ನೆಟ್ಟರೆ ಆಯಿತು.

ರೋಹಿಣಿಯಲ್ಲಿ ನೆಟ್ಟ ಗೆಡ್ಡೆ ಮೃಗಶಿರದ ಹದಮಳೆಗೆ ಬೇರು ಬಿಟ್ಟುಕೊಳ್ಳುತ್ತದೆ. ಆರಿದ್ರೆಯ ಜಡಿಮಳೆ ಹಿಡಿಯುವಾಗ ಗಿಡ ತನ್ನ ಕಾಲ ಮೇಲೆ ನಿಂತಿರುತ್ತದೆ. ತಡಮಾಡಿ ಆ ಜಡಿಯಲ್ಲೇ ನೆಟ್ಟರೆ ಮೊಳಕೆ ಕೊಳೆಯುತ್ತದೆ, ಉಳಿದದ್ದು ಬಸವನಹುಳುವಿನ ಪಾಲು. ಮೂರ್ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಗಿಡ ಕವಲೊಡೆಯುತ್ತದೆ. ಆ ಕುಡಿಯನ್ನು ಬೇರೆ ಕಡೆ ನೆಟ್ಟರೆ ಅದೂ ಗಿಡವಾಗುತ್ತದೆ. ಡೇರೆಯ ಬಣ್ಣಗಳು ಮನೆಯಿಂದ ಮನೆಗೆ, ತವರಿನಿಂದ ಗಂಡನ ಮನೆಗೆ ಹಬ್ಬಿದ್ದು ಹೀಗೆಯೇ.

ಪಕ್ಕದ ಪಾತಿಯ ಸೇವಂತಿಗೆಯದು ಬೇರೆಯದೇ ಲೆಕ್ಕ. ಅದರ ಮರಿಗಳನ್ನೂ ಮಳೆಗಾಲದಲ್ಲೇ ಬೇರ್ಪಡಿಸಿ ನೆಡುತ್ತಾರಾದರೂ ಹಗಲು ಗಿಡ್ಡವಾಗುವವರೆಗೆ ಅದು ಮೊಗ್ಗು ಕಟ್ಟದು. ಡೇರೆ ಗೌರಿಹಬ್ಬದ ಸುಮಾರಿಗೆ ಅರಳಿದರೆ, ಸೇವಂತಿಗೆ ದೀಪಾವಳಿಯ ಆಚೀಚೆ.

ಮಳೆ ಹೊಳವಾಗಿ, ಗಿಡ ತಾನಾಗಿ ಒಣಗಿದ ಮೇಲೆಯೇ ಗೆಡ್ಡೆ ಕೀಳಬೇಕು. ಹಸಿರಿರುವಾಗ ಕತ್ತರಿಸಿದರೆ ಟೊಳ್ಳು ಕಾಂಡದೊಳಗೆ ನೀರು ನಿಂತು ಕುತ್ತಿಗೆ ಕೊಳೆಯುತ್ತದೆ.

ನರ್ಸರಿಗಳು ವರ್ಷವಿಡೀ ಗಿಡ ಮಾರುತ್ತವೆ; ಕೊಂಡು ತಂದು ಜುಲೈಯಲ್ಲಿ ನೆಟ್ಟು ಕಳೆದುಕೊಳ್ಳುವವರೂ ಬಹಳ. ಮಲೆನಾಡಿನಲ್ಲಿ ಹೊಸದಾಗಿ ಮನೆ ಕಟ್ಟಿದವರು ಗಿಡಕ್ಕೆ ಮೊದಲು ನೆರೆಮನೆಯ ಹೆಂಗಸರ ಮಳೆಲೆಕ್ಕವನ್ನು ಕೇಳಿ ಕಲಿಯಲಿ. ಕೇಳಿದವರಿಗೆ ಅವರು ಲೆಕ್ಕದ ಜೊತೆ ಗೆಡ್ಡೆಯನ್ನೂ ಕೊಡುತ್ತಾರೆ.