ಅಕ್ವೇರಿಯಂನಲ್ಲಿ ಯಾರ ಜೊತೆ ಯಾರು?

ಮಗನ ಹುಟ್ಟುಹಬ್ಬಕ್ಕೆಂದು ಕಲಬುರಗಿಯಿಂದ ಅಕ್ವೇರಿಯಂ ತಂದಿದ್ದೀರಿ. ಕಣ್ಣಿಗೆ ಚಂದ ಕಂಡ ಮೀನುಗಳನ್ನೆಲ್ಲ ಒಂದೊಂದು ಜೋಡಿ ಹಾಕಿಸಿಕೊಂಡಿದ್ದೀರಿ. ‘ಏನೂ ಆಗಂಗಿಲ್ರಿ ಅಕ್ಕಾರ, ಎಲ್ಲಾ ಕೂಡಿ ಇರ್ತಾವ’ ಎಂದ ಅಂಗಡಿಯವನ ಮಾತು ನಂಬಿದ್ದೂ ಆಯಿತು. ಎಂಟು ದಿನದಲ್ಲಿ ಒಂದರ ಬಾಲ ಹರಿದಿದೆ, ಇನ್ನೊಂದು ಮಾಯ, ಮತ್ತೊಂದು ಹೊಟ್ಟೆ ಮೇಲಾಗಿ ತೇಲುತ್ತಿದೆ. ಶಾಲೆಯಿಂದ ಬಂದ ಮಗ ಬ್ಯಾಗ್ ಕೂಡ ಇಳಿಸದೆ ‘ಅವ್ವಾ, ನನ್ ಮೀನಾ ಯಾಕ್ ಸತ್ತಾವ?’ ಎಂದರೆ ಏನು ಹೇಳುತ್ತೀರಿ?

ನಿಮ್ಮ ಆರೈಕೆಯಲ್ಲಿ ಕೊರತೆ ಇರಲಿಕ್ಕಿಲ್ಲ, ಎಡವಿದ್ದು ಆಯ್ಕೆಯಲ್ಲಿ. ಒಂದೇ ತೊಟ್ಟಿಯಲ್ಲಿ ಬಾಳಬೇಕಾದ ಮೀನುಗಳಿಗೆ ನೀರು, ಗಾತ್ರ, ಸ್ವಭಾವ ಮೂರೂ ಹೊಂದಬೇಕು.

ಮೊದಲು ನೀರು ನೋಡಿ

ಸೇಡಂ, ಆಡಕಿ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆ ಸುಣ್ಣದ ಕಲ್ಲಿನ ನೆಲ. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕೇ. ಹಾಗಾಗಿ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಇದನ್ನು ತಿಳಿಯಲು ಲ್ಯಾಬ್ ಬೇಕಿಲ್ಲ, ಅಡುಗೆಮನೆಯೇ ಸಾಕು. ತೊಗರಿ ಬೇಳೆ ಬೇಗ ಬೇಯುವುದಿಲ್ಲವೇ? ಸೋಪು ಸರಿಯಾಗಿ ನೊರೆ ಬರುವುದಿಲ್ಲವೇ? ನೀರು ಕಾಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದೆಯೇ? ಹಾಗಿದ್ದರೆ ನಿಮ್ಮದು ಗಡಸು ನೀರೇ.

ನಿಯಾನ್ ಟೆಟ್ರಾ, ಡಿಸ್ಕಸ್ ದೂರದ ಅಮೆಜಾನ್‌ನ ಮೃದು ನೀರಿನ ಮೀನುಗಳು. ಎಷ್ಟೇ ಚಂದವಿದ್ದರೂ ನಮ್ಮ ನೀರಿಗೆ ಅವು ಬೇಡ. ಗಪ್ಪಿ, ಪ್ಲಾಟಿ, ಮೋಲಿ, ಸ್ವೋರ್ಡ್‌ಟೇಲ್‌ಗಳಿಗೆ ಗಡಸು ನೀರೇ ಹಿತ. ಬೆಲೆಯೂ ಕೈಗೆಟುಕುವಂಥದ್ದು.

ಇವರಿಬ್ಬರಿಗೆ ಆಗಿಬರದು

* ಟೈಗರ್ ಬಾರ್ಬ್‌ಗೆ ರೆಕ್ಕೆ ಕಚ್ಚುವ ಚಟ. ಉದ್ದ ರೆಕ್ಕೆಯ ಏಂಜೆಲ್, ಗಪ್ಪಿಗಳ ಜೊತೆ ಬಿಡಬೇಡಿ.
* ಏಂಜೆಲ್ ನೋಡಲು ಸಾಧು. ಬೆಳೆದ ಮೇಲೆ ಬಾಯಿಗೆ ಹಿಡಿಸುವ ಸಣ್ಣ ಮೀನನ್ನು ನುಂಗುತ್ತದೆ.
* ಎರಡು ಗಂಡು ಫೈಟರ್‌ಗಳನ್ನು ಒಟ್ಟಿಗೆ ಇಡಲೇಬೇಡಿ. ಒಂದು ಸಾಯುವವರೆಗೂ ಕಾದಾಡಬಹುದು.
* ಆಸ್ಕರ್ ಒಂದು ಅಡಿಯವರೆಗೆ ಬೆಳೆಯುತ್ತದೆ. ಸಣ್ಣ ಮೀನುಗಳು ಅದಕ್ಕೆ ಊಟ.
* ವಾಸ್ತುವಿಗೆಂದು ತರುವ ಗೋಲ್ಡ್‌ಫಿಶ್‌ಗೆ ತಂಪು ನೀರು, ದೊಡ್ಡ ತೊಟ್ಟಿ ಬೇಕು, ಹೊಲಸೂ ಜಾಸ್ತಿ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ದುಂಡು ಬಟ್ಟಲಿನಲ್ಲಿಟ್ಟರೆ ಅದರ ಪಾಡು ಕೇಳಬೇಡಿ.
* ‘ತೊಟ್ಟಿ ಕ್ಲೀನ್ ಮಾಡುತ್ತೆ’ ಎಂದು ಕೊಡುವ ಸಕ್ಕರ್ ಮೀನು ಅಡಿಗಿಂತ ಉದ್ದ ಬೆಳೆಯುತ್ತದೆ. ದೊಡ್ಡದಾಯಿತೆಂದು ಕಾಗಿಣಾ ನದಿಗೋ ಬಾವಿಗೋ ಬಿಡಬೇಡಿ. ಅಲ್ಲಿ ಅದು ನಮ್ಮ ಮೀನುಗಳಿಗೇ ಕಂಟಕ.

ಹೊಂದುವ ಸಂಸಾರ

ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ, ಎತ್ತರದ ತೊಟ್ಟಿ ನಿಮ್ಮಲ್ಲಿದೆಯೇ? ಆರು ಗಪ್ಪಿ, ನಾಲ್ಕು ಪ್ಲಾಟಿ ಸಾಕು. ಚುರುಕು ಓಡಾಟ ಇಷ್ಟವಾದರೆ ಗಪ್ಪಿ ಬದಲು ಆರು ಜೀಬ್ರಾ ಮೀನು ಬಿಡಿ. ಅವು ನಮ್ಮ ದೇಶದ್ದೇ ಮೀನು, ಗಟ್ಟಿ ಜೀವ, ಗುಂಪಿನಲ್ಲಿದ್ದರೆ ಖುಷಿ. ಇನ್ನೊಂದು ಗುಟ್ಟು: ಗಪ್ಪಿ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಸಂಸಾರ ಮಿತಿಯಲ್ಲಿರಲಿ ಎಂದರೆ ಗಂಡು ಮೀನುಗಳನ್ನಷ್ಟೇ ತನ್ನಿ. ಬಣ್ಣದ ಬಾಲದ ಚೆಲುವೂ ಅವುಗಳದ್ದೇ. ಪ್ಲಾಟಿಯೂ ಮರಿ ಹಾಕುವ ಜಾತಿಯೇ, ಅದಕ್ಕೂ ಇದೇ ಲೆಕ್ಕ.

ಆತುರ ಬೇಡ

ಎಲ್ಲ ಮೀನು ಒಂದೇ ದಿನ ಬಿಡಬೇಡಿ. ಮೀನಿನ ಹೊಲಸಿನಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಅದನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ತೊಟ್ಟಿಯಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿತನಕ ಮೂರ್ನಾಲ್ಕು ಮೀನು ಸಾಕು. ಹೊಸ ಮೀನಿನ ಪ್ಯಾಕೆಟ್ಟನ್ನು ಮೊದಲು ಇಪ್ಪತ್ತು ನಿಮಿಷ ತೊಟ್ಟಿಯಲ್ಲೇ ತೇಲಿಬಿಡಿ. ಆಮೇಲೆ ನಿಮ್ಮ ನೀರನ್ನು ಸ್ವಲ್ಪ ಸ್ವಲ್ಪವೇ ಅದಕ್ಕೆ ಸೇರಿಸಿ, ಮೀನನ್ನಷ್ಟೇ ತೊಟ್ಟಿಗೆ ಬಿಡಿ.

ನೆನಪಿಡಿ

* ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಪೂರ್ತಿ ಬೇಡ. ನಳದ ನೀರಾದರೆ ಹಿಂದಿನ ರಾತ್ರಿಯೇ ಬಕೆಟ್‌ನಲ್ಲಿ ತೆರೆದಿಡಿ, ಕ್ಲೋರಿನ್ ಹಾರಿಹೋಗಲಿ.
* ಫಿಲ್ಟರ್ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಅದ್ದಿ ಹಿಂಡಿ. ಸೋಪು ಮುಟ್ಟಿಸಬೇಡಿ.
* ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಕೈಗಿರಲಿ. ತೊಟ್ಟಿ ಕಿಟಕಿಯ ಬಿಸಿಲಿಗೆ ಬೇಡ.
* ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ.

ಮುಂದಿನ ಸಲ ಅಂಗಡಿಗೆ ಹೋದಾಗ ಬೆಲೆಗಿಂತ ಮೊದಲು ಮೂರು ಪ್ರಶ್ನೆ ಕೇಳಿ: ಇದು ಎಷ್ಟು ದೊಡ್ಡದಾಗುತ್ತದೆ? ಯಾವುದನ್ನು ಕಚ್ಚುತ್ತದೆ? ಗಡಸು ನೀರಿಗೆ ಹೊಂದುತ್ತದೆಯೇ? ಮಗನನ್ನೂ ಜೊತೆಗೆ ಕರೆದೊಯ್ಯಿರಿ, ಈ ಪ್ರಶ್ನೆಗಳನ್ನು ಅವನೇ ಕೇಳಲಿ. ಆರಿಸಿ ತಂದ ಮೀನನ್ನು ಅವನು ಜೋಪಾನವಾಗಿಯೇ ನೋಡಿಕೊಳ್ಳುತ್ತಾನೆ.